ಅಪ್ಪ ಸುಡು ಮಧ್ಯಾಹ್ನವೇ ಹೊಲಕ್ಕೆ ಹೋಗುತ್ತಾರೆ, ಹೇಗೆ ತಡೆಯೋದು?

ತೊಗರಿ ಕಣಜ · ಗುರುವಾರ ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನಮ್ಮದು ಜೇವರ್ಗಿ ಕಡೆಯ ಒಂದು ಹಳ್ಳಿ. ನಾನು ಇರೋದು ಕಲಬುರಗಿಯಲ್ಲಿ. ಮಕ್ಕಳಿಗೆ ರಜೆ ಬಿಟ್ಟಿದೆ ಅಂತ ಎಲ್ಲರೂ ಊರಿಗೆ ಬಂದಿದ್ದೇವೆ.

ಅಪ್ಪನಿಗೆ 67. ಬಿಪಿ ಮಾತ್ರೆ ನುಂಗುತ್ತಾರೆ. ತೊಗರಿ ರಾಶಿ ಆಗಿ ತಿಂಗಳುಗಳೇ ಕಳೆದವು, ಹೊಲದಲ್ಲಿ ಈಗ ಅವಸರದ ಕೆಲಸ ಏನೂ ಇಲ್ಲ. ಆದರೂ ಹನ್ನೊಂದಕ್ಕೆ ರೊಟ್ಟಿ ಉಂಡು ಹೊರಟರೆ ವಾಪಸ್ ಬರೋದು ಮೂರಕ್ಕೆ. ಬದು ಸರಿ ಮಾಡುತ್ತಾರೆ, ಕಸ ಆರಿಸುತ್ತಾರೆ. ಏನೂ ಇಲ್ಲದಿದ್ದರೆ ಬೇವಿನ ಗಿಡದ ಕೆಳಗೆ ಕೂತು ಬರುತ್ತಾರೆ.

ಸೋಮವಾರ ಫೋನಿನಲ್ಲಿ 43 ತೋರಿಸುತ್ತಿತ್ತು. ಅಪ್ಪ ಬಂದವರು ಹೊಸ್ತಿಲು ದಾಟೋಕೆ ಎರಡು ಸಲ ಕಾಲೆತ್ತಿದರು. ಒಂದು ಚಪ್ಪಲಿ ಹೊರಗೆ ಬಿಟ್ಟಿದ್ದಾರೆ, ಇನ್ನೊಂದು ಕಾಲಲ್ಲೇ ಇದೆ. ನನ್ನನ್ನ ತಮ್ಮನ ಹೆಸರಿಂದ ಕರೆದರು. ಅವ್ವ ತಲೆ ಮೇಲೆ ಒದ್ದೆ ಟವೆಲ್ ಹಾಕಿ ಮಜ್ಜಿಗೆ ಕುಡಿಸಿದಳು. ಅರ್ಧ ಗಂಟೆಗೆ ಸರಿಯಾದರು. ಮರುದಿನ ಹನ್ನೊಂದಕ್ಕೆ ಮತ್ತೆ ಅದೇ ಚಪ್ಪಲಿ.

"ನಲವತ್ತು ವರ್ಷದಿಂದ ಇದೇ ಬಿಸಿಲಿನಾಗ ದುಡಿದೀನಿ, ನೀ ನಿನ್ನೆ ಬಂದು ಹೇಳ್ತೀಯಾ" ಅಂತಾರೆ. ಮುಂದೆ ಮಾತೇ ಇಲ್ಲ. ಏನು ಮಾಡಲಿ?

ಇನ್ನೊಂದು ಸಣ್ಣ ವಿಷಯ. ಕೂಲರ್ ಮುಟ್ಟಿದರೆ ಕೈ ಜುಮ್ ಅನ್ನುತ್ತೆ. ಕೂಲರ್ ಅಂದ್ರೆ ಹಾಗೇನಾ?

ಫರ್ಸಿ ಕಲ್ಲು · 9.52

ಜೇಬಿನಲ್ಲಿ ಒಂದು ಉಳ್ಳಾಗಡ್ಡಿ ಇಟ್ಟು ಕಳಿಸಿ. ಝಳ ಬಡಿಯಲ್ಲ. ನಮ್ಮಜ್ಜ ಜೀವಮಾನವೆಲ್ಲ ಇಟ್ಟುಕೊಂಡೇ ಹೋದರು, 90 ದಾಟಿದ್ದರು.

ಬಿಸಿಲೂರು · 9.55

ಬಂತು ಉಳ್ಳಾಗಡ್ಡಿ. ಇನ್ನೂ ಹದಿನೈದು ನಿಮಿಷ ಆಗಿಲ್ಲ 😄

ವಾರ್ಡ್ ಅಕ್ಕ · 10.08

ತಮಾಷೆ ಆಮೇಲೆ ಮಾಡೋಣ. ತೊಗರಿ ಕಣಜ ಅಣ್ಣ, ನೀವು ಬರೆದಿದ್ದರಲ್ಲಿ ಒಂದು ಮಾತಿಗೆ ನನಗೆ ಭಯ ಆಯಿತು. ಚಪ್ಪಲಿ ಮರೆತದ್ದು, ಹೆಸರು ತಪ್ಪಿ ಕರೆದದ್ದು. ಅದು ಸುಸ್ತಲ್ಲ. ಬಿಸಿಲಿಗೆ ಬಳಲಿದವರಿಗೆ ತಲೆ ಸುತ್ತುತ್ತೆ, ವಾಂತಿ ಬಂದಂಗಾಗುತ್ತೆ, ಕಾಲು ಸೆಳೆಯುತ್ತೆ, ಆದರೆ ಬುದ್ಧಿ ನೆಟ್ಟಗಿರುತ್ತೆ. ಮಾತು ತಪ್ಪಿತು, ಮಂದಿ ಗುರುತು ತಪ್ಪಿತು ಅಂದರೆ ಶಾಖ ತಲೆಗೇರಿದೆ ಅಂತಲೇ ಲೆಕ್ಕ. ಮೈಯೊಳಗಿನ ಬಿಸಿ 40 ಡಿಗ್ರಿ ದಾಟಿದಾಗ ಹೀಗಾಗುತ್ತೆ. ನಿಮ್ಮಪ್ಪ ಅಲ್ಲಿಗೆ ಮುಟ್ಟಿದ್ದರೋ ಇಲ್ಲವೋ, ಹೊಸ್ತಿಲ ತನಕ ಅಂತೂ ಹೋಗಿ ಬಂದಿದ್ದಾರೆ.

ಮುಂದೆ ಹಾಗಾದರೆ ಮಜ್ಜಿಗೆ ಹುಡುಕುತ್ತ ಕೂರಬೇಡಿ. ನೆರಳಿಗೆ ತನ್ನಿ, ಅಂಗಿ ಬಿಚ್ಚಿ, ಮೈಗೆಲ್ಲ ನೀರು ಸುರಿಯಿರಿ, ಬೀಸಿ. ಒದ್ದೆ ಟವೆಲ್ ತಲೆಗೊಂದೇ ಸಾಲದು. ಐಸ್ ಇದ್ದರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ಒಬ್ಬರು ಇದನ್ನ ಮಾಡುತ್ತಿರುವಾಗಲೇ ಇನ್ನೊಬ್ಬರು 108ಕ್ಕೆ ಫೋನ್ ಮಾಡಬೇಕು. ಎಚ್ಚರ ಪೂರ್ತಿ ಇಲ್ಲದಿದ್ದರೆ ಬಾಯಿಗೆ ಹನಿ ನೀರೂ ಹಾಕಬೇಡಿ, ಶ್ವಾಸಕ್ಕೆ ಹೋಗುತ್ತೆ. ಜ್ವರದ ಮಾತ್ರೆ ಕೊಟ್ಟೆವು ಅಂತ ಬರುವವರನ್ನ ನಾನು ಪ್ರತಿ ವರ್ಷ ನೋಡುತ್ತೇನೆ. ಇದು ಜ್ವರ ಅಲ್ಲ, ಪ್ಯಾರಾಸಿಟಮಾಲ್ ಇದಕ್ಕೆ ನಾಟಲ್ಲ.

ಸೇಡಂ ಹುಡುಗ · 10.15

ಅಕ್ಕ, ಬೆವರು ನಿಂತು ಮೈ ಒಣಗಿದರೆ ಮಾತ್ರ ಝಳ ಬಡಿದಿದೆ ಅಂತ ಅಲ್ವಾ? ಬೆವರು ಬರುತ್ತಿದ್ದರೆ ಹೆದರಬೇಕಾಗಿಲ್ಲ ಅಂತ ಕೇಳಿದ್ದೆ.

ವಾರ್ಡ್ ಅಕ್ಕ · 10.21

ಅರ್ಧ ಸರಿ. ಮನೆಯೊಳಗೇ ಕೂತ ವಯಸ್ಸಾದವರಿಗೆ ಮೈ ಒಣಗಿರೋದು ಜಾಸ್ತಿ. ಬಿಸಿಲಲ್ಲಿ ದುಡಿಯುತ್ತ ಬಿದ್ದವರ ಅಂಗಿ ಬೆವರಲ್ಲಿ ತೊಯ್ದಿರುತ್ತೆ, ಆದರೂ ಒಳಗೆ ಮೈ ಕಾದಿರುತ್ತೆ. ಬೆವರು ನೋಡಬೇಡಿ, ಮಾತಾಡಿಸಿ ನೋಡಿ.

ಬಿಸಿಲೂರು · 10.24

43 ಎಲ್ಲಿ? ನನ್ನ ಕಾರಿನ ಡಿಸ್‌ಪ್ಲೇಯಲ್ಲಿ ಸೂಪರ್ ಮಾರ್ಕೆಟ್ ಹತ್ತಿರ 48 ಇತ್ತು. ಹವಾಮಾನ ಇಲಾಖೆಯವರು ಕಡಿಮೆ ಮಾಡಿ ಹೇಳುತ್ತಾರೆ. ಬಿಸಿಗಾಳಿ ಅಂತ ಘೋಷಣೆ ಮಾಡೋಕೂ ಜಿಪುಣತನ.

ನಿವೃತ್ತ ಮಾಸ್ತರ · 10.41

ಕಡಿಮೆ ಮಾಡಿ ಹೇಳೋದಿಲ್ಲಪ್ಪ. ಅವರ ತಾಪಮಾಪಕ ಇರೋದು ಬಿಳಿ ಬಣ್ಣದ ಜಾಲರಿ ಪೆಟ್ಟಿಗೆಯಲ್ಲಿ, ನೆಲದಿಂದ ಎದೆಮಟ್ಟ ಎತ್ತರದಲ್ಲಿ. ಅಳೆಯೋದು ನೆರಳಿನ ಗಾಳಿಯ ಬಿಸಿ. ನಿನ್ನ ಕಾರು ಅಳೆಯೋದು ಡಾಂಬರಿನ ಮೇಲೆ ನಿಂತ ಕಾರಿನ ಮೂತಿಯ ಬಿಸಿ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಅಂದರೆ ನೆರಳಲ್ಲಿ 43 ಇದ್ದಾಗ ಈ ತಮ್ಮನ ಅಪ್ಪ ನಿಂತ ಬದುವಿನ ಮೇಲೆ ಎಷ್ಟಿರಬೇಕು, ನೀನೇ ಯೋಚಿಸು.

ಬಿಸಿಗಾಳಿಯ ಲೆಕ್ಕವೂ ಹೇಳುತ್ತೇನೆ. ಬಯಲು ಸೀಮೆಯಲ್ಲಿ ಕನಿಷ್ಠ 40 ಇರಬೇಕು, ಅದರ ಜೊತೆಗೆ ವಾಡಿಕೆಗಿಂತ 4.5 ಡಿಗ್ರಿ ಏರಿರಬೇಕು. ಇಲ್ಲವೇ ನೇರವಾಗಿ 45 ಮುಟ್ಟಬೇಕು. ನಮ್ಮಲ್ಲಿ ವಾಡಿಕೆಯೇ 40ರ ಆಸುಪಾಸು. ಹಾಗಾಗಿ 43 ಅಂದರೆ ಕಾಗದದ ಮೇಲೆ "ಮಾಮೂಲಿ". ಮೈಗೆ ಕಾಗದ ಓದೋಕೆ ಬರೋದಿಲ್ಲ, ಅಷ್ಟೇ.

ಬೆಂಗಳೂರಲ್ಲಿ ಬಂದಿ · 10.44

ಇಲ್ಲಿ 37 ಆದರೆ ಟಿವಿಯಲ್ಲಿ ಬ್ರೇಕಿಂಗ್ ನ್ಯೂಸ್. ನಮ್ಮ ಮಂದಿಗೆ ಅದು ಸಂಜೆಯ ತಂಗಾಳಿ.

ಬಿದ್ರಿ ಹೂಜಿ · 10.47

ಬೀದರಿಗೆ ಬನ್ನಿ ಸ್ವಾಮಿ. ನಾವು 2,200 ಅಡಿಗೂ ಮೇಲಿದ್ದೇವೆ, ನೀವು 1,500ರ ಆಸುಪಾಸು. ನಿಮಗಿಂತ ಎರಡು ಡಿಗ್ರಿ ಆದರೂ ತಂಪು. ರಾತ್ರಿ ಹೊದಿಕೆ ಬೇಕಾಗುತ್ತೆ.

ಯಾದಗಿರಿ ಗುಡ್ಡ · 10.49

ಹೊದಿಕೆ ಅಂತೆ. ಸೊಳ್ಳೆಗಾಗಿ ಇರಬೇಕು. ನಮ್ಮ ಊರ ಬಂಡೆಗಳು ಹಗಲೆಲ್ಲ ಕಾದು ರಾತ್ರಿ ಹನ್ನೆರಡರ ತನಕ ಉಸಿರು ಬಿಡುತ್ತವೆ.

ಆಳಂದ ರೊಟ್ಟಿ · 10.58

ಉಳ್ಳಾಗಡ್ಡಿ ವಿಚಾರಕ್ಕೆ ಬರುತ್ತೇನೆ. ಫರ್ಸಿ ಕಲ್ಲು ಅಣ್ಣ, ನಿಮ್ಮಜ್ಜ ಹೊಲಕ್ಕೆ ಎಷ್ಟೊತ್ತಿಗೆ ಹೋಗುತ್ತಿದ್ದರು?

ಫರ್ಸಿ ಕಲ್ಲು · 11.01

ಕೋಳಿ ಕೂಗೋ ಹೊತ್ತಿಗೆ. ಹತ್ತಕ್ಕೆಲ್ಲ ಮನೆಯಲ್ಲಿ ಇರುತ್ತಿದ್ದರು. ಮಧ್ಯಾಹ್ನ ಕಟ್ಟೆ ಮೇಲೆ ನಿದ್ದೆ, ಮತ್ತೆ ನಾಲ್ಕಕ್ಕೆ ಎತ್ತಿನ ಜೊತೆ.

ಆಳಂದ ರೊಟ್ಟಿ · 11.02

ಆಯ್ತು ಬಿಡಿ, 90 ದಾಟಿಸಿದ್ದು ಉಳ್ಳಾಗಡ್ಡಿ ಅಲ್ಲ.

ಫರ್ಸಿ ಕಲ್ಲು · 11.06

😂 ಒಪ್ಪಿದೆ. ಆದರೆ ರೊಟ್ಟಿ ಜೊತೆ ಕಚ್ಚಿ ತಿನ್ನೋದು ಬಿಡಲ್ಲ.

ಜೋಳದ ಕಾಳು · 11.15

ಇದನ್ನೇ ಅವರಪ್ಪನಿಗೆ ಹೇಳಬಹುದಲ್ಲ? "ನಲವತ್ತು ವರ್ಷ ದುಡಿದೀನಿ" ಅನ್ನುವವರಿಗೆ ಡಾಕ್ಟರ್ ಮಾತು ಹತ್ತಲ್ಲ. ಅವರ ಅಪ್ಪ ಹೇಗೆ ದುಡಿಯುತ್ತಿದ್ದರು ಅಂತ ಕೇಳಿ. ಹಿಂದಿನವರು ಯಾರೂ ಹನ್ನೊಂದಕ್ಕೆ ಹೊರಡುತ್ತಿರಲಿಲ್ಲ. ಈಗ ರಾತ್ರಿ ಟಿವಿ, ಬೆಳಿಗ್ಗೆ ತಡ, ಹಾಗಾಗಿ ಹೊಲದ ಹೊತ್ತೂ ತಡ.

ಸರಕಾರಿ ಆಫೀಸುಗಳೇ ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ತನಕ ನಡೆಯುತ್ತವೆ. ಫ್ಯಾನ್ ಕೆಳಗೆ ಕೂರುವವರಿಗೇ ಹೊತ್ತು ಬದಲಾಗುತ್ತೆ ಅಂದರೆ ಬದು ಕಡಿಯುವವರಿಗೆ ಯಾಕಿಲ್ಲ?

ಫೈಲು ಗುಮಾಸ್ತ · 11.19

ಫ್ಯಾನ್ ಕೆಳಗೆ ಅಂತ ಕುಹಕ ಬೇಡ ಸರ್. ನಮ್ಮ ಆಫೀಸಿನ ಫ್ಯಾನ್ ಬಿಸಿಗಾಳಿಯನ್ನೇ ತಿರುಗಿಸಿ ಕೊಡುತ್ತೆ. 1.30ಕ್ಕೆ ಬಿಟ್ಟರೆ ಸರಿಯಾಗಿ ಸುಡೋ ಹೊತ್ತಿಗೆ ಬೈಕ್ ಹತ್ತಬೇಕು. ಮೂವತ್ತೆರಡು ಕಿಲೋಮೀಟರ್. ಸೀಟಿನ ಮೇಲೆ ಕೂತರೆ ದೋಸೆ ಹಂಚು.

ವಾರ್ಡ್ ಅಕ್ಕ · 11.27

ಫ್ಯಾನ್ ಮಾತು ಬಂತಲ್ಲ, ಅದೂ ನಿಜ. 40 ಡಿಗ್ರಿ ದಾಟಿದ ಮೇಲೆ ಬರೀ ಫ್ಯಾನ್ ಹಾಕಿಕೊಂಡರೆ ಮೈ ಇನ್ನೂ ಬಿಸಿಯಾಗುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತೆ. ಮೈ ಒದ್ದೆ ಮಾಡಿಕೊಂಡು ಫ್ಯಾನ್ ಕೆಳಗೆ ಕೂರಿ.

ಇನ್ನು ಬಿಪಿ ಮಾತ್ರೆ. ಅದರಲ್ಲಿ ಕೆಲವು ಮೂತ್ರ ಜಾಸ್ತಿ ಮಾಡಿಸುವಂಥವು. ಬೇಸಿಗೆಯಲ್ಲಿ ಬೆವರೂ ಹೋಗಿ, ಮೂತ್ರವೂ ಹೋಗಿ ಮೈ ಬತ್ತುತ್ತೆ. ವಯಸ್ಸಾದವರಿಗೆ ಬಾಯಾರಿಕೆ ಬೇರೆ ಸರಿಯಾಗಿ ಗೊತ್ತಾಗಲ್ಲ. "ನನಗೆ ನೀರಡಿಕೆ ಆಗಿಲ್ಲ" ಅನ್ನೋದನ್ನ ನಂಬಬೇಡಿ. ಹಾಗಂತ ಮಾತ್ರೆ ನೀವೇ ನಿಲ್ಲಿಸಬೇಡಿ. ಚೀಟಿ ತಗೊಂಡು ಡಾಕ್ಟರ ಹತ್ತಿರ ಹೋಗಿ, ಬಿಸಿಲಿಗೆ ಡೋಸ್ ಬದಲಿಸಬೇಕಾ ಅಂತ ಕೇಳಿ. ಎರಡು ನಿಮಿಷದ ಮಾತು.

ಸೇಡಂ ಹುಡುಗ · 11.30

ದಿನಾ ಒಂದು ಓಆರ್‌ಎಸ್ ಕುಡಿಸಿದರೆ?

ವಾರ್ಡ್ ಅಕ್ಕ · 11.38

ಬೆವರು, ಭೇದಿ, ವಾಂತಿ ಜಾಸ್ತಿ ಆದಾಗ ಕುಡಿಯೋದು ಅದು. ಬಿಪಿ ಇರುವವರಿಗೆ ಅದರಲ್ಲಿನ ಉಪ್ಪು, ಸಕ್ಕರೆ ಕಾಯಿಲೆ ಇರುವವರಿಗೆ ಅದರಲ್ಲಿನ ಗ್ಲೂಕೋಸ್, ಎರಡೂ ಲೆಕ್ಕಕ್ಕೆ ಬರುತ್ತವೆ. ಶರಬತ್ತಿನ ಹಾಗೆ ದಿನಾ ಬೇಡ. ದಿನಕ್ಕೆ ಜೋಳದ ಅಂಬಲಿ, ನೀರು ಮಜ್ಜಿಗೆ ಸಾಕು.

ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರಿಗೆ. ಅರ್ಧ ಪ್ಯಾಕೆಟ್ ಲೋಟಕ್ಕೆ ಹಾಕಿ ಕಲಕಿ ಕುಡಿಸೋದನ್ನ ಕಣ್ಣಾರೆ ನೋಡಿದ್ದೇನೆ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಟೀ ಚಮಚ, ಗೋಪುರ ಮಾಡಬೇಡಿ.

ಔಷಧಿ ಅಂಗಡಿ · 11.45

ಡಬ್ಬಿಯಲ್ಲಿ ಸಿಗುವ ಸಿಹಿ ಜ್ಯೂಸನ್ನ ಓಆರ್‌ಎಸ್ ಅಂತ ಕೇಳಿ ಒಯ್ಯುವವರು ಈಗಲೂ ಬರುತ್ತಾರೆ. ಸರಿಯಾದ ಸೂತ್ರ ಇಲ್ಲದ ಪಾನೀಯಕ್ಕೆ ಆ ಹೆಸರು ಹಾಕಬಾರದು ಅಂತ 2025ರ ಅಕ್ಟೋಬರಿನಲ್ಲೇ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿದೆ. ಪುಡಿ ಪ್ಯಾಕೆಟ್ ಕೇಳಿ, ಅದರ ಮೇಲೆ ಡಬ್ಲ್ಯೂಎಚ್‌ಓ ಸೂತ್ರ ಅಂತ ಬರೆದಿರುತ್ತೆ. ನನಗೆ ಜ್ಯೂಸಿನಲ್ಲೇ ಲಾಭ ಜಾಸ್ತಿ, ಆದರೂ ಹೇಳುತ್ತಿದ್ದೇನೆ.

ವೈರ್‌ಮನ್ ಕಾಕಾ · ಶುಕ್ರವಾರ ಬೆಳಿಗ್ಗೆ 6.10

ರಾತ್ರಿಯೆಲ್ಲ ಎಲ್ಲರೂ ಮಜ್ಜಿಗೆ, ಅಂಬಲಿ ಅಂತ ಕೂತಿದ್ದೀರಿ. ಆ ಹುಡುಗ ಕೊನೆಗೆ ಕೇಳಿದ ಪ್ರಶ್ನೆ ಯಾರೂ ನೋಡಲಿಲ್ಲ. ಕೂಲರ್ ಜುಮ್ ಅನ್ನುತ್ತೆ ಅಂದ. ತಮ್ಮಾ, ಅದು "ಸಣ್ಣ ವಿಷಯ" ಅಲ್ಲ. ಈಗಲೇ ಎದ್ದು ಪ್ಲಗ್ ಕಿತ್ತು ಹಾಕು, ಆಮೇಲೆ ಮುಂದೆ ಓದು.

ಹೊರಗೆ ತಗಡು, ಒಳಗೆ ನೀರು, ನೀರೊಳಗೆ ಪಂಪ್. ಪಂಪಿನ ವೈರಿನ ಸಿಪ್ಪೆ ಬಿಸಿಲಿಗೆ ಬಿರಿದಿರುತ್ತೆ. ಕೆಳಗೆ ಒದ್ದೆ ಫರ್ಸಿ, ಅದರ ಮೇಲೆ ಬರಿಗಾಲು. ಕರೆಂಟು ಮೈಯೊಳಗಿಂದ ನೆಲಕ್ಕೆ ಇಳಿಯೋಕೆ ಇನ್ನೇನು ಬೇಕು? ಇವತ್ತು ಜುಮ್ ಅನ್ನುತ್ತೆ. ನಾಳೆ ಕೈ ಒದ್ದೆ ಇದ್ದರೆ ಹಿಡಿದುಕೊಳ್ಳುತ್ತೆ.

ನಾನು ಹೋದ ಹತ್ತು ಮನೆಯಲ್ಲಿ ಏಳೆಂಟು ಮನೆಯವರು ಮೂರು ಪಿನ್ನಿನ ಪ್ಲಗ್ ಕಿತ್ತು ಎರಡು ಪಿನ್ನಿನದು ಹಾಕಿರುತ್ತಾರೆ, ಬೋರ್ಡಿಗೆ ಹಿಡಿಯಲ್ಲ ಅಂತ. ಆ ದಪ್ಪ ಮೂರನೇ ಪಿನ್ ಅರ್ಥ್. ತಗಡಿಗೆ ಬಂದ ಕರೆಂಟು ನಿನ್ನ ಬದಲು ಅದರಲ್ಲಿ ಇಳಿದು ಹೋಗಲಿ ಅಂತ ಇರೋದು.

ಅರ್ಥಿಂಗ್ ಇದೆ ಅಂದರೂ ಹೋಗಿ ಗುಂಡಿ ನೋಡು. ನಮ್ಮದು ಎರೆ ಮಣ್ಣು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತೆ. ಒಣ ಮಣ್ಣಿನಲ್ಲಿ ಕರೆಂಟು ಇಳಿಯಲ್ಲ. ವಾರಕ್ಕೆ ಎರಡು ಸಲ ಎರಡು ಕೊಡ ನೀರು ಆ ಗುಂಡಿಗೆ ಹಾಕು. ಮಂದಿ ತುಳಸಿಗೆ ಹಾಕುತ್ತಾರೆ, ಅದಕ್ಕೆ ಹಾಕಲ್ಲ.

ನೀರು ತುಂಬುವಾಗ ಸ್ವಿಚ್ ಆರಿಸಿದರೆ ಸಾಲದು. ಸ್ವಿಚ್ಚನ್ನ ಯಾರೋ ನ್ಯೂಟ್ರಲ್‌ಗೆ ಕೊಟ್ಟಿದ್ದರೆ ಆರಿಸಿದ ಮೇಲೂ ಒಳಗೆ ಲೈನ್ ಇರುತ್ತೆ. ಪ್ಲಗ್ ಕೀಳಬೇಕು, ಆಮೇಲೆ ಪೈಪ್ ಹಿಡಿಯಬೇಕು. ಮಕ್ಕಳ ಕೈಗೆ ಆ ಕೆಲಸ ಬೇಡವೇ ಬೇಡ.

ಬಿಸಿಲೂರು · 6.32

ಕಾಕಾ, ಎಂಸಿಬಿ ಇದೆಯಲ್ಲ, ಬಿದ್ದು ಹೋಗುತ್ತೆ ಅಲ್ವಾ?

ವೈರ್‌ಮನ್ ಕಾಕಾ · 6.40

ಎಂಸಿಬಿ ವೈರು ಸುಡದಿರಲಿ ಅಂತ ಇರೋದು, ನೀನು ಸುಡದಿರಲಿ ಅಂತ ಅಲ್ಲ. ಮನುಷ್ಯನನ್ನ ಉಳಿಸೋದು ಆರ್‌ಸಿಸಿಬಿ. ಅಂಗಡಿಯಲ್ಲಿ ಇಎಲ್‌ಸಿಬಿ ಅಂದರೂ ಕೊಡುತ್ತಾರೆ. 30 ಮಿಲಿ ಆಂಪ್ ಅಂತ ಬರೆದಿರೋದನ್ನೇ ಕೇಳು. ಹಾಕಿಸಿದ ಮೇಲೆ ಅದರ ಮೇಲಿನ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತು. ಬೀಳದಿದ್ದರೆ ಅದು ಬರೀ ಡಬ್ಬಿ.

ಜೋಳದ ಕಾಳು · 6.58

ಕೂಲರ್ ಬಂತು ಅಂತ ಇದನ್ನೂ ಹೇಳಿಬಿಡುತ್ತೇನೆ. ಕಿಟಕಿ ಬಾಗಿಲು ಮುಚ್ಚಿ ಕೂಲರ್ ಹಾಕಿದರೆ ಮನೆ ಉಗಿ ಕೋಣೆ ಆಗುತ್ತೆ. ಎದುರಿನ ಕಿಟಕಿ ತೆರೆದಿರಬೇಕು. ಮತ್ತೆ ವಾರಕ್ಕೊಮ್ಮೆ ನೀರು ಪೂರ್ತಿ ಚೆಲ್ಲಿ, ಒಳಗಿನ ಗೋಡೆಯನ್ನ ಬ್ರಷ್ ಹಾಕಿ ಉಜ್ಜಬೇಕು. ಡೆಂಗಿ ಸೊಳ್ಳೆ ಮೊಟ್ಟೆ ಇಡೋದು ನೀರಿನ ಅಂಚಿನ ಗೋಡೆಗೆ. ನೀರು ಚೆಲ್ಲಿ ಒಣಗಿಸಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತೆ, ಮುಂದಿನ ಸಲ ನೀರು ಬಿದ್ದಾಗ ಒಡೆಯುತ್ತೆ.

ಬಿದ್ರಿ ಹೂಜಿ · 7.03

ಇಷ್ಟೆಲ್ಲ ಯಾಕೆ, ಮಾಳಿಗೆ ಮೇಲೆ ಮಲಗಿ. ಕರೆಂಟೂ ಬೇಡ, ಕೂಲರೂ ಬೇಡ.

ಚಿತ್ತಾಪುರದವಳು · 7.30

ಮಾಳಿಗೆ ಅಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ದೊಡ್ಡಪ್ಪ ಹೋದ ವರ್ಷ ಮೇ ತಿಂಗಳಲ್ಲಿ ಮಾಳಿಗೆ ಮೇಲೆ ಮಲಗಿದ್ದರು. ಪ್ಯಾರಾಪೆಟ್ ಮುಂದಿನ ವರ್ಷ ಕಟ್ಟಿಸೋಣ ಅಂತ ಬಿಟ್ಟಿದ್ದರು. ರಾತ್ರಿ ಎರಡಕ್ಕೆ ಮೂತ್ರಕ್ಕೆ ಎದ್ದಿದ್ದಾರೆ. ಮೆಟ್ಟಿಲು ಎಡಕ್ಕೆ. ಹಾಸಿಗೆಯನ್ನ ಗಾಳಿಗಾಗಿ ಅವತ್ತೇ ಆ ಕಡೆ ತಿರುಗಿಸಿ ಹಾಕಿದ್ದರು. ನಿದ್ದೆಗಣ್ಣಿನಲ್ಲಿ ಮಾಮೂಲಿನಂತೆ ಎಡಕ್ಕೆ ನಾಲ್ಕು ಹೆಜ್ಜೆ ಇಟ್ಟಿದ್ದಾರೆ.

ಕೆಳಗೆ ಎಮ್ಮೆಗೆ ಹಾಕಿದ್ದ ಕಣಕಿ ಇತ್ತು, ಜೀವ ಉಳೀತು. ಸೊಂಟದ ಮೂಳೆ ಮುರೀತು. ಈಗ ಕೋಲು ಹಿಡಿದು ಓಡಾಡುತ್ತಾರೆ. ಪ್ಯಾರಾಪೆಟ್ ಕಟ್ಟಿಸಿದ್ದೇವೆ, ಆಸ್ಪತ್ರೆ ಬಿಲ್ಲಿನ ಕಾಲು ಭಾಗವೂ ಆಗಲಿಲ್ಲ.

ಹಾಸಿಗೆ ಮಧ್ಯದಲ್ಲಿ ಹಾಕಿ. ದಿಕ್ಕು ಬದಲಿಸಬೇಡಿ. ಒಂದು ಸಣ್ಣ ದೀಪ ಇರಲಿ.

ಯಾದಗಿರಿ ಗುಡ್ಡ · 7.41

ಅಯ್ಯೋ ಅಕ್ಕ. ದೊಡ್ಡಪ್ಪನವರು ಬೇಗ ಗುಣ ಆಗಲಿ.

ನಮ್ಮ ಕಡೆ ಚೇಳಿನ ಕಾಟವೂ ಇದೆ. ಬಿಸಿಲಿಗೆ ಕಲ್ಲಿನ ಸಂದಿಯಿಂದ ಹೊರಬರುತ್ತವೆ. ಸಂಜೆ ಹಾಸಿದ ಹಾಸಿಗೆಯನ್ನ ಮಲಗುವ ಮುಂಚೆ ಒಮ್ಮೆ ಝಾಡಿಸಿ. ಸೊಳ್ಳೆ ಪರದೆ ಹಾಸಿಗೆ ಕೆಳಗೆ ಸಿಕ್ಕಿಸಿದರೆ ಸೊಳ್ಳೆ, ಚೇಳು, ಹಾವು ಮೂರಕ್ಕೂ ಆಯಿತು.

ಫರ್ಸಿ ಕಲ್ಲು · 7.44

ಚೇಳಿಗೆ ನಮ್ಮೂರಲ್ಲಿ ಮಂತ್ರ ಹಾಕುವವರಿದ್ದಾರೆ. ಇಳಿಯುತ್ತೆ.

ವಾರ್ಡ್ ಅಕ್ಕ · 8.02

ಕಪ್ಪು ದೊಡ್ಡ ಚೇಳು ಕಡಿದರೆ ಉರಿ ತಾನಾಗೇ ಇಳಿಯೋದು ಜಾಸ್ತಿ, ಹೆಸರು ಮಂತ್ರಕ್ಕೆ ಬರುತ್ತೆ. ಕೆಂಪು ಚೇಳು ಹಾಗಲ್ಲ, ಅದು ಹೃದಯಕ್ಕೆ ಹೊಡೆಯುತ್ತೆ, ಮಕ್ಕಳಿಗಂತೂ ಗಂಟೆಗಳಲ್ಲಿ. ಮೈ ತಣ್ಣಗಾಗಿ ಬೆವರಿದರೆ, ವಾಂತಿ ಆದರೆ ಓಡಿ. ಇದಕ್ಕೆ ಪ್ರಾಜೋಸಿನ್ ಅನ್ನೋ ಮಾತ್ರೆ ನಾಟುತ್ತೆ ಅಂತ ತೋರಿಸಿದ್ದು ನಮ್ಮ ಪಕ್ಕದ ಮಹಾರಾಷ್ಟ್ರದ ಮಹಾಡ್ ಎಂಬ ಊರಿನ ಡಾಕ್ಟರ್ ಹಿಮ್ಮತರಾವ್ ಬಾವಸ್ಕರ್. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹಳ್ಳಿಯ ರೋಗಿಗಳನ್ನ ನೋಡುತ್ತಲೇ ಕಂಡುಕೊಂಡಿದ್ದು. ಅದು ಆಸ್ಪತ್ರೆಯಲ್ಲಿ ಕೊಡುವ ಮಾತ್ರೆ, ನೀವೇ ತಂದು ಇಟ್ಟುಕೊಳ್ಳಬೇಡಿ ಮತ್ತೆ.

ಸೇಡಂ ಹುಡುಗ · 8.10

ಬೈಕಿಗೆ ಫುಲ್ ಟ್ಯಾಂಕ್ ಪೆಟ್ರೋಲ್ ಹಾಕಿಸಿದರೆ ಬಿಸಿಲಿಗೆ ಸಿಡಿಯುತ್ತೆ ಅಂತ ವಾಟ್ಸಾಪಿನಲ್ಲಿ ಬಂದಿದೆ.

ನಿವೃತ್ತ ಮಾಸ್ತರ · 8.12

ಪ್ರತಿ ವರ್ಷ ಬರುತ್ತೆ. ಯಾರ ಬೈಕೂ ಸಿಡಿದಿಲ್ಲ. ಬೈಕ್ ಕಂಪನಿಯವರು ಹೇಳಿದ ಮಟ್ಟದ ತನಕ ಧಾರಾಳವಾಗಿ ಹಾಕಿಸು. ಅದಕ್ಕಿಂತ ಟೈರ್ ನೋಡು. ಸವೆದ ಟೈರು, ಅರೆಬರೆ ಗಾಳಿ, ಕಾದ ರಸ್ತೆ. ಸಿಡಿಯೋದು ಅದು.

ತೊಗರಿ ಕಣಜ · 8.35

ರಾತ್ರಿ ಓದುತ್ತ ನಿದ್ದೆ ಹೋಯಿತು, ಈಗ ಎಲ್ಲ ಓದಿದೆ. ವೈರ್‌ಮನ್ ಕಾಕಾ, ಪ್ಲಗ್ ಕಿತ್ತೆ. ನೋಡಿದರೆ ಎರಡೇ ಪಿನ್. ನಾನೇ ಮೂರು ವರ್ಷದ ಹಿಂದೆ ಹಾಕಿದ್ದು. ನಾಚಿಕೆ ಆಯಿತು.

ಅಪ್ಪನ ಹತ್ತಿರ ಅಜ್ಜನ ಮಾತು ತೆಗೆದೆ. "ಅವರ ಕಾಲ ಬೇರೆ" ಅಂದರು. ಆದರೆ ಸಿಟ್ಟು ಮಾಡಲಿಲ್ಲ.

ಈಗ ಮಕ್ಕಳು ಬಾವಿಗೆ ಈಜೋಕೆ ಹೋಗಬೇಕು ಅಂತ ಹಟ ಹಿಡಿದಿದ್ದಾರೆ. ಮಗಳಿಗೆ 11, ಮಗನಿಗೆ 7. ಊರಿನ ಹುಡುಗರೆಲ್ಲ ಪಕ್ಕದ ಹೊಲದ ಕೃಷಿ ಹೊಂಡಕ್ಕೆ ಹೋಗುತ್ತಾರಂತೆ. ಬಾವಿ ನಮ್ಮದೇ ಇದೆ, ಮೆಟ್ಟಿಲಿದೆ, ಎರಡಾಳು ನೀರಿದೆ. ನನಗೆ ಈಜು ಬರಲ್ಲ. ಹೊಂಡವೇ ಚಿಕ್ಕದು, ಅಲ್ಲಿಗೆ ಕಳಿಸಲಾ?

ಶಹಾಬಾದಿನವ · 8.41

ಬೇಡ. ಬೇಡ. ಬೇಡ.

ಬಾವಿಗೆ ಮೆಟ್ಟಿಲಿದೆ, ಹೊಂಡಕ್ಕೆ ಏನಿದೆ? ಪ್ಲಾಸ್ಟಿಕ್ ಹಾಳೆ. ಅದರ ಮೇಲೆ ಪಾಚಿ. ಇಳಿಜಾರಿನಲ್ಲಿ ಇಳಿದ ಹುಡುಗ ಹತ್ತೋಕೆ ಹೋದರೆ ಸೋಪು ಹಚ್ಚಿದ ಹಾಗೆ ಜಾರುತ್ತೆ. ಈಜು ಬರುವ ದೊಡ್ಡವರೂ ಅಲ್ಲಿ ಸೋತಿದ್ದಾರೆ. ಹೊಂಡದ ಮಾಲೀಕರು ಕಂಡರೆ ಹೇಳಿ, ದಡದಲ್ಲಿ ಗೂಟ ಹೊಡೆದು ಗಂಟು ಗಂಟು ಹಾಕಿದ ಹಗ್ಗ ನೀರಿನ ತನಕ ಇಳಿಬಿಡಲಿ. ಸುತ್ತ ಬೇಲಿ ಹಾಕಲಿ.

ನಮ್ಮ ಕಡೆ ಫರ್ಸಿ ತೆಗೆದು ಬಿಟ್ಟ ಖಣಿಗಳು ಇನ್ನೂ ಕೆಟ್ಟವು. ಮೇಲೆ ನೋಡಿದರೆ ತಿಳಿ ನೀರು. ಕಲ್ಲನ್ನ ಪದರ ಪದರವಾಗಿ ಎತ್ತಿರುತ್ತಾರೆ. ಮೊಣಕಾಲು ನೀರಿನಲ್ಲಿ ನಿಂತವನ ಮುಂದಿನ ಹೆಜ್ಜೆಗೆ ಇಪ್ಪತ್ತು ಅಡಿ ಇರುತ್ತೆ. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಒಬ್ಬ ಗೆಳೆಯನನ್ನ ಅಲ್ಲಿ ಕಳೆದುಕೊಂಡೆ. ಅವನನ್ನ ಎಳೆಯೋಕೆ ಹಾರಿದ ಇನ್ನೊಬ್ಬನನ್ನೂ. ಮುಳುಗುವವನ ಹತ್ತಿರ ಹಾರಬೇಡಿ ಅಂತ ಮಕ್ಕಳಿಗೆ ಮೊದಲು ಕಲಿಸಿ. ಹಗ್ಗ, ಸೀರೆ, ಟವೆಲ್, ಖಾಲಿ ಕೊಡ, ಕೈಗೆ ಸಿಕ್ಕಿದ್ದು ಎಸೆಯಬೇಕು.

ಜೋಳದ ಕಾಳು · 8.50

ಅಣ್ಣ, ನಿಮಗೆ ಈಜು ಬರಲ್ಲ ಅಂದಿರಿ. ನಿಮ್ಮಪ್ಪನಿಗೆ?

ತೊಗರಿ ಕಣಜ · 8.53

ಅವರಾ? ಬಾವಿಯ ಮೇಲಿನ ಕಟ್ಟೆಯಿಂದ ತಲೆಕೆಳಗಾಗಿ ಹಾರುತ್ತಿದ್ದರಂತೆ. ಊರಿನ ಅರ್ಧ ಹುಡುಗರಿಗೆ ಕಲಿಸಿದ್ದೇ ಅವರು. ನನಗೆ ಮಾತ್ರ ಭಯ ಬಿಡಲಿಲ್ಲ.

ಜೋಳದ ಕಾಳು · 8.55

ಮತ್ತೆ ಇನ್ನೇನು ಬೇಕು ನಿಮಗೆ? ಬೆಳಿಗ್ಗೆ ಆರಕ್ಕೆ ಹೊಲ, ಏಳೂವರೆಗೆ ಬಾವಿಯಲ್ಲಿ ಮೊಮ್ಮಕ್ಕಳು, ಒಂಬತ್ತಕ್ಕೆ ಎಲ್ಲರೂ ಮನೆ. ಬಿಸಿಲಿಗೆ ಹೋಗಬೇಡ ಅಂತ ಹೇಳಲೇಬೇಡಿ. "ಇವರಿಗೆ ಈಜು ಕಲಿಸೋದು ನಿನ್ನಿಂದ ಆಗುತ್ತಾ" ಅಂತ ಮಾತ್ರ ಕೇಳಿ.

ಆಳಂದ ರೊಟ್ಟಿ · 8.57

ಮಗಳಿಂದ ಕೇಳಿಸಿ. ಅಜ್ಜಂದಿರು ಮೊಮ್ಮಗಳಿಗೆ ಇಲ್ಲ ಅನ್ನಲ್ಲ.

ವಾರ್ಡ್ ಅಕ್ಕ · 9.05

ಆದರೆ ಮೊದಲು ಡಾಕ್ಟರ ಹತ್ತಿರ ಬಿಪಿ ತೋರಿಸಿ ಬನ್ನಿ. ಸೋಮವಾರ ಹಾಗಾದವರು ವಾರದೊಳಗೆ ಬಾವಿಗೆ ಇಳಿಯೋದು ನನಗೆ ಇಷ್ಟ ಇಲ್ಲ. ಕಟ್ಟೆ ಮೇಲೆ ಕೂತು ಕಲಿಸಲಿ. ನೀರಿನಲ್ಲಿ ಈಜು ಬರುವ ಇನ್ನೊಬ್ಬ ಗಟ್ಟಿ ಆಳು ಇರಲೇಬೇಕು.

ಕುರಿ ಹಟ್ಟಿ · 9.20

ಸಂಜೆಯ ಮಳೆಯನ್ನ ಮರೆಯಬೇಡಿ. ಈ ತಿಂಗಳ ಸಿಡಿಲು ಕೆಟ್ಟದ್ದು. ಮೋಡ ಕಟ್ಟಿತು ಅಂತ ಬೇವಿನ ಗಿಡದ ಕೆಳಗೆ ನಿಲ್ಲುತ್ತಾರೆ, ಅಲ್ಲೇ ಹೊಡೆಯೋದು. ಅವರಪ್ಪನಿಗೂ ಬೇವಿನ ಗಿಡವೇ ಜಾಗ ಅಂತ ಮೇಲೆ ಓದಿದೆ. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದವರ "ಸಿಡಿಲು" ಆ್ಯಪ್ ಇದೆ, ಫೋನಿನಲ್ಲಿ ಹಾಕಿಕೊಳ್ಳಿ. ಗುಡುಗು ಕೇಳಿದರೆ ಪಕ್ಕಾ ಮನೆ ಸೇರಬೇಕು. ದಾರಿ ಇಲ್ಲದಿದ್ದರೆ ತಗ್ಗಿನಲ್ಲಿ ಕಾಲು ಜೋಡಿಸಿ ಕುಕ್ಕರಗಾಲಲ್ಲಿ ಕೂರಿ, ಮಲಗಬೇಡಿ. ನನ್ನ ನಾಲ್ಕು ಕುರಿ ಒಂದೇ ಗಿಡದ ಕೆಳಗೆ ಹೋದವು. ನಾನು ಚಹಾಕ್ಕೆ ಹೋಗಿದ್ದೆ.

ಬಿಸಿಲೂರು · 9.24

ಚಹಾ ಜೀವ ಉಳಿಸಿತು ಅನ್ನಿ. ಬಿಸಿಲಲ್ಲಿ ಚಹಾ ಕುಡಿಯಬಾರದು ಅನ್ನುವವರಿಗೆ ಇದನ್ನ ತೋರಿಸಬೇಕು.

ತೊಗರಿ ಕಣಜ · ಮುಂದಿನ ಗುರುವಾರ ರಾತ್ರಿ 8.15

ವಾರ ಆಯಿತು, ಏನಾಯಿತು ಅಂತ ಹೇಳಬೇಕಲ್ಲ.

ಶನಿವಾರ ಅಪ್ಪನನ್ನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎರಡು ಮಾತ್ರೆಯಲ್ಲಿ ಒಂದರ ಡೋಸ್ ಕಡಿಮೆ ಮಾಡಿದ್ದಾರೆ, ಹದಿನೈದು ದಿನಕ್ಕೆ ಮತ್ತೆ ಬನ್ನಿ ಅಂದಿದ್ದಾರೆ. ಕೂಲರಿಗೆ ಹೊಸ ವೈರು, ಮೂರು ಪಿನ್ನಿನ ಪ್ಲಗ್. ಅರ್ಥಿಂಗ್ ಗುಂಡಿ ಹುಡುಕೋಕೆ ಅರ್ಧ ದಿನ ಹೋಯಿತು. ಅವ್ವ ಅದರ ಮೇಲೆ ಕುಳ್ಳಿನ ರಾಶಿ ಹಾಕಿದ್ದಳು. ಆರು ಕೊಡ ನೀರು ಕುಡೀತು, ಬುರುಬುರು ಅಂತ. ಆರ್‌ಸಿಸಿಬಿ ಮುಂದಿನ ಸಂಬಳಕ್ಕೆ.

ಮಗಳು ಕೇಳಿದಳು. ಅಪ್ಪ ಒಂದು ನಿಮಿಷ ಸುಮ್ನೆ ಕೂತಿದ್ದರು. "ನಿಮ್ಮಪ್ಪನಿಗೆ ಕಲಿಸೋಕೆ ಆಗಲಿಲ್ಲ ನನಗೆ" ಅಂದರು. ಭಾನುವಾರ ಬೆಳಿಗ್ಗೆ ಐದೂವರೆಗೆ ನನಗಿಂತ ಮುಂಚೆ ಎದ್ದು ಕೂತಿದ್ದಾರೆ, ಕೈಯಲ್ಲಿ ಹಗ್ಗ. ಅವರು ಕಟ್ಟೆ ಮೇಲೆ, ಚಿಕ್ಕಪ್ಪನ ಮಗ ನೀರಿನಲ್ಲಿ. ಒಂಬತ್ತಕ್ಕೆಲ್ಲ ಮನೆಗೆ ಬಂದು ಅಂಬಲಿ ಕುಡಿದು ಮಲಗುತ್ತಾರೆ. ಮಂಗಳವಾರ ಒಂದು ದಿನ ಮಾತ್ರ ಹನ್ನೆರಡಕ್ಕೆ ಚಪ್ಪಲಿ ಹುಡುಕಿದರು. ಮಗಳು ಬಚ್ಚಿಟ್ಟಿದ್ದಳು.

ಫರ್ಸಿ ಕಲ್ಲು · 8.19

ಈಜು ಕಲಿಯುವವರ ಬೆನ್ನಿಗೆ ಕಟ್ಟೋ ತೇಲುವ ಬೆಂಡು ಎಲ್ಲಿ ಸಿಕ್ಕಿತು? ನಮ್ಮೂರಲ್ಲಿ ಈಗ ಯಾರ ಹತ್ತಿರವೂ ಇಲ್ಲ.

ತೊಗರಿ ಕಣಜ · 8.22

ಬೆಂಡು ನಮಗೂ ಸಿಗಲಿಲ್ಲ. ಎಣ್ಣೆಯ ಐದು ಲೀಟರ್ ಡಬ್ಬಿ ಎರಡು, ಮುಚ್ಚಳ ಬಿಗಿ ಮಾಡಿ ಬೆನ್ನಿಗೆ. ಅವ್ವನ ಹಳೇ ಸೀರೆಯಿಂದ ಕಟ್ಟಿದ್ದು, ಅಪ್ಪ ಹಗ್ಗದಿಂದ ಕಟ್ಟೋಕೆ ಬಿಡಲಿಲ್ಲ. ಎದೆ ಉಜ್ಜುತ್ತೆ ಅಂದರು. ಮಗನ ಸೊಂಟಕ್ಕೆ ಬೇರೆ ಹಗ್ಗ, ಅದರ ತುದಿ ಅಪ್ಪನ ಕೈಯಲ್ಲಿ.

ವೈರ್‌ಮನ್ ಕಾಕಾ · 8.30

ಮುಚ್ಚಳದ ಒಳಗೆ ಒಂದು ತುಂಡು ಸೈಕಲ್ ಟ್ಯೂಬ್ ಹಾಕಿ ಬಿಗಿ ಮಾಡು ತಮ್ಮಾ. ಇಲ್ಲದಿದ್ದರೆ ಮೆಲ್ಲಗೆ ನೀರು ಹೋಗುತ್ತೆ, ಗೊತ್ತೇ ಆಗಲ್ಲ.

ತೊಗರಿ ಕಣಜ · 8.31

ನಾಳೆ ಬೆಳಿಗ್ಗೆಯೇ ಹಾಕುತ್ತೇನೆ ಕಾಕಾ. ಮೂರನೇ ಜೋಡಿ ಡಬ್ಬಿಯೂ ಬೇಕು ಅಂತ ಅಪ್ಪ ಹೇಳಿದ್ದಾರೆ. ದೊಡ್ಡವು, ಹತ್ತು ಲೀಟರಿನವು. ನನಗಂತೆ.